ಹೊಗೆ ಎಷ್ಟು ಎತ್ತರಕ್ಕೆ ಹೋಗುತ್ತದೆ?

ಮಲೆನಾಡಿನ ನಮ್ಮ ಮನೆಯಲ್ಲಿ ಚಳಿಗಾಲದ ಬೆಳಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುವುದು ನನ್ನ ಕೆಲಸವಾಗಿತ್ತು. ಹಂಡೆಯ ಕೆಳಗೆ ಅಡಿಕೆ ಹಾಳೆ, ತೆಂಗಿನ ಗರಿ, ಅರೆ ಒಣಗಿದ ಸೌದೆ ತುರುಕಿ, ಊದುಗೊಳವೆಯಿಂದ ಊದಿ, ಕಣ್ಣುರಿಯಾದಾಗ ಹೊರಗೆ ಬಂದು ನಿಲ್ಲುತ್ತಿದ್ದೆ. ಹೆಂಚಿನ ಸಂದಿಯಿಂದ ಹೊರಟ ಹೊಗೆ ಮೊದಲು ರಭಸದಿಂದ ಮೇಲೇರುತ್ತಿತ್ತು. ಅಡಿಕೆ ಮರಗಳ ತಲೆ ದಾಟಿ ಇನ್ನೊಂದಷ್ಟು ಎತ್ತರಕ್ಕೆ ಹೋದ ಮೇಲೆ, ಯಾರೋ ಅಲ್ಲೊಂದು ಗಾಜಿನ ಹಲಗೆ ಇಟ್ಟಂತೆ, ತಟಕ್ಕನೆ ನಿಂತು ಅಡ್ಡಡ್ಡ ಹರಡುತ್ತಿತ್ತು. ಪಕ್ಕದ ಮನೆಯ ಹೊಗೆಯೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಬಂದು ಸೇರಿ, ಬಿಸಿಲೇರುವವರೆಗೆ ತೋಟದ ಮೇಲೆ ತೆಳುವಾದ ನೀಲಿ ಪಂಚೆ ಹಾಸಿದಂತೆ ಇರುತ್ತಿತ್ತು.

ಯಾಕೆ ಹೀಗೆ ಎಂದು ಅಪ್ಪಯ್ಯನನ್ನು ಕೇಳಿದ್ದೆ. "ಹೊಗೆಗೂ ಚಳಿ ಹಿಡೀತದೆ ಮಾರಾಯ, ಅದಕ್ಕೇ ಮೇಲೆ ಹೋಗ್ಲಿಕ್ಕೆ ಮನಸ್ಸಿಲ್ಲ" ಎಂದಿದ್ದರು. ಮುಂದೆ ನಾನು ಭೌತಶಾಸ್ತ್ರ ಓದಿದೆ, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದೆ. ಬಿಸಿ ಗಾಳಿ ಹಗುರ, ಆದ್ದರಿಂದ ಮೇಲೇರುತ್ತದೆ ಎಂದು ಎಷ್ಟು ವರ್ಷ ಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಎಲ್ಲಿಯವರೆಗೆ ಏರುತ್ತದೆ, ಅಲ್ಲೇ ಯಾಕೆ ನಿಲ್ಲುತ್ತದೆ ಎಂಬುದನ್ನು ನಾನು ಹೇಳಲೂ ಇಲ್ಲ, ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಆ ಪ್ರಶ್ನೆಗೆ ಒಂದು ಉದ್ದನೆಯ ಚರಿತ್ರೆ ಇದೆ ಎಂದು ತಿಳಿದದ್ದು ತೀರ ತಡವಾಗಿ. ಅದರಲ್ಲಿ ಜ್ವಾಲಾಮುಖಿ ಇದೆ, ಯುದ್ಧವಿದೆ, ಅಣುಬಾಂಬ್ ಇದೆ. ಕೊನೆಗೆ ನಮ್ಮ ಬೆಂಗಳೂರೂ ಇದೆ.

ಚರಿತ್ರೆಯ ಮೊದಲ ಸಾಕ್ಷಿ ಹದಿನೇಳು ವರ್ಷದ ಒಬ್ಬ ಹುಡುಗ. ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಪರ್ವತ ಸಿಡಿದಾಗ ಕಿರಿಯ ಪ್ಲಿನಿ ಕೊಲ್ಲಿಯ ಇನ್ನೊಂದು ದಡದ ಮಿಸೆನಂ ಎಂಬಲ್ಲಿದ್ದ. ಅಲ್ಲಿಂದ ಬೆಟ್ಟಕ್ಕೆ ಸುಮಾರು 30 ಕಿಲೋಮೀಟರ್. ಅವನ ಸೋದರಮಾವ ಹಿರಿಯ ಪ್ಲಿನಿ ರೋಮನ್ ನೌಕಾದಳದ ಅಧಿಕಾರಿ, ದೊಡ್ಡ ವಿದ್ವಾಂಸ. ಮಾವ ಹಡಗು ಹತ್ತಿ ಬೆಟ್ಟದ ಕಡೆಗೆ ಹೊರಟ. ಜೊತೆಗೆ ಬರುತ್ತೀಯಾ ಎಂದಾಗ ಹುಡುಗ ಓದುವುದಿದೆ ಎಂದು ಮನೆಯಲ್ಲೇ ಉಳಿದ. ಮಾವ ತಿರುಗಿ ಬರಲಿಲ್ಲ. ಸುಮಾರು ಕಾಲು ಶತಮಾನದ ನಂತರ, ಇತಿಹಾಸಕಾರ ಟ್ಯಾಸಿಟಸ್ ಕೇಳಿದ್ದಕ್ಕೆ, ಆ ದಿನಗಳನ್ನು ನೆನೆದು ಪ್ಲಿನಿ ಎರಡು ಪತ್ರ ಬರೆದ.

ಮೊದಲ ಪತ್ರದಲ್ಲಿ ಅವನು ಮೋಡದ ಆಕಾರವನ್ನು ಹೇಳುತ್ತಾನೆ. ಅದು ಇಟಲಿಯ ಕೊಡೆಯಾಕಾರದ ಪೈನ್ ಮರದಂತೆ ಇತ್ತಂತೆ: ಉದ್ದನೆಯ ಕಾಂಡ, ಮೇಲೆ ಹೋಗಿ ಕೊಂಬೆಗಳಾಗಿ ಹರಡಿದ ತಲೆ. ಅಷ್ಟಕ್ಕೇ ಸುಮ್ಮನಾಗದೆ ಕಾರಣವನ್ನೂ ಊಹಿಸುತ್ತಾನೆ. ಕೆಳಗಿನಿಂದ ನೂಕಿದ ರಭಸ ಮೇಲೆ ಹೋದಂತೆ ಸೋತಿರಬಹುದು, ಇಲ್ಲವೇ ತನ್ನ ತೂಕಕ್ಕೇ ಬಗ್ಗಿ ಅದು ಅಗಲವಾಗಿರಬಹುದು. ಇಂದಿಗೂ ಇಂಥ ಸ್ಫೋಟಗಳಿಗೆ ಭೂವಿಜ್ಞಾನಿಗಳು 'ಪ್ಲಿನಿಯನ್' ಎಂದೇ ಹೆಸರಿಟ್ಟಿದ್ದಾರೆ. ನಮ್ಮ ತೋಟದ ಮೇಲಿನ ಪಂಚೆಯೂ ಪ್ಲಿನಿಯ ಮರದ ತಲೆಯೂ ಒಂದೇ ವಿದ್ಯಮಾನ ಎಂದು ತಿಳಿದಾಗ ನನಗೆ ಆದ ಆಶ್ಚರ್ಯ ಸಣ್ಣದಲ್ಲ.

ಆದರೆ ಪ್ಲಿನಿಯ ಊಹೆಗೆ ಲೆಕ್ಕದ ಉತ್ತರ ಸಿಗಲು ಸಾವಿರದ ಒಂಬೈನೂರು ವರ್ಷ ಹಿಡಿಯಿತು. ಅಡ್ಡಿಯಾಗಿದ್ದು ಹೊಗೆಯ ಸ್ವಭಾವ. ಗಾಳಿಯಾಡದ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ ನೋಡಿ. ಮೊದಲ ಒಂದು ಗೇಣಿನಷ್ಟು ಹೊಗೆ ದಾರದಂತೆ ನೆಟ್ಟಗೆ ಏರುತ್ತದೆ. ಆಮೇಲೆ ಅಲುಗಾಡುತ್ತದೆ, ಸುರುಳಿಯಾಗುತ್ತದೆ, ಒಂದರೊಳಗೊಂದು ಸುಳಿಗಳಾಗಿ ಚೆದುರುತ್ತದೆ. ಮೊದಲ ಗೇಣಿನ ಹರಿವು ಶಾಂತವಾದದ್ದು, ಮುಂದಿನದ್ದು ಪ್ರಕ್ಷುಬ್ಧವಾದದ್ದು. ದ್ರವ ಮತ್ತು ಅನಿಲಗಳ ಚಲನೆಯ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತಿದ್ದರೂ, ಪ್ರಕ್ಷುಬ್ಧ ಹರಿವಿನ ಒಂದೊಂದು ಸುಳಿಯನ್ನೂ ಕಾಗದದ ಮೇಲೆ ಬಿಡಿಸುವುದು ಯಾರಿಂದಲೂ ಆಗಲಿಲ್ಲ.

1937ರಲ್ಲಿ ಸೋವಿಯತ್ ದೇಶದ ಯಾಕೋವ್ ಜೆಲ್ಡೋವಿಚ್, ಆಗಿನ್ನೂ 23ರ ತರುಣ, ಬಿಸಿ ಮೂಲದಿಂದ ಏರುವ ಹರಿವಿನ ವೇಗ ಮತ್ತು ಶಾಖ ಎತ್ತರದೊಡನೆ ಹೇಗೆ ಕುಗ್ಗಬೇಕು ಎಂಬ ನಿಯಮಗಳನ್ನು ಕಂಡುಕೊಂಡ. 1941ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಶ್ಮಿಟ್ ಅಂಥ ಹರಿವಿನ ಬಗ್ಗೆ ಇನ್ನೊಂದು ಮುಖ್ಯ ಪ್ರಬಂಧ ಪ್ರಕಟಿಸಿದ. ಆದರೆ ಈ ವಿಷಯಕ್ಕೆ ಎಲ್ಲರ ಕೈಗೂ ಸಿಗುವ ಸರಳ ಸಾಧನವೊಂದನ್ನು ಕೊಟ್ಟವರು ಇಂಗ್ಲೆಂಡಿನ ಜೆಫ್ರಿ ಇಂಗ್ರಾಮ್ ಟೇಲರ್.

ಟೇಲರ್ ಹುಟ್ಟಿದ್ದು 1886ರಲ್ಲಿ. ಕೇಂಬ್ರಿಜ್‌ನವರು, ಗಣಿತಜ್ಞರಾದರೂ ಕುರ್ಚಿ ಬಿಟ್ಟೇಳದ ಗಣಿತಜ್ಞರಲ್ಲ. ಟೈಟಾನಿಕ್ ಮುಳುಗಿದ ಮರುವರ್ಷ, 1913ರಲ್ಲಿ, ಹಿಮಗಡ್ಡೆಗಳ ಮೇಲೆ ಕಣ್ಣಿಡಲು ಉತ್ತರ ಅಟ್ಲಾಂಟಿಕ್‌ಗೆ ಹೊರಟ 'ಸ್ಕೋಷಿಯಾ' ಎಂಬ ಹಡಗಿನಲ್ಲಿ ಅವರು ಹವಾಮಾನ ತಜ್ಞರಾಗಿ ಹೋದರು. ಹಡಗಿನಿಂದ ಗಾಳಿಪಟ ಹಾರಿಸಿ ಬೇರೆ ಬೇರೆ ಎತ್ತರದ ಶಾಖ, ತೇವಾಂಶ ಅಳೆದರು. ಬೆಚ್ಚನೆಯ ಗಾಳಿ ತಣ್ಣನೆಯ ಕಡಲಿನ ಮೇಲೆ ಬಂದಾಗ ಶಾಖವನ್ನು ಹೊತ್ತು ಸಾಗಿಸುವುದು ಸುಳಿಗಳು ಎಂಬುದು ಆ ಯಾತ್ರೆಯಿಂದ ಅವರಿಗೆ ಮನದಟ್ಟಾಯಿತು. ಸುಳಿಗಳನ್ನು ಒಂದೊಂದಾಗಿ ಹಿಂಬಾಲಿಸದೆ, ಅವು ಒಟ್ಟಾಗಿ ಮಾಡುವ ಕೆಲಸವನ್ನು ಲೆಕ್ಕ ಹಾಕುವ ರೂಢಿ ಆಗಿನಿಂದಲೇ ಅವರಿಗೆ ಬಂತು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮಂಜು ದೊಡ್ಡ ಶತ್ರುವಾಯಿತು. ಬಾಂಬ್ ಹಾಕಿ ಹಿಂದಿರುಗುವ ವಿಮಾನಗಳು ಇಳಿಯುವ ಜಾಗ ಕಾಣದೆ ನೆಲಕ್ಕಪ್ಪಳಿಸುತ್ತಿದ್ದವು. ಅದಕ್ಕೆ ಹೂಡಿದ ಉಪಾಯ 'ಫೈಡೋ': ರನ್‌ವೇಯ ಎರಡೂ ಬದಿ ತೂತು ಕೊರೆದ ಕೊಳವೆ ಹಾಕಿ, ಪೆಟ್ರೋಲ್ ಹರಿಸಿ ಉರಿಸುವುದು, ಗಾಳಿ ಕೆಲವು ಡಿಗ್ರಿ ಬಿಸಿಯಾದರೆ ಮಂಜಿನ ಹನಿಗಳು ಆರಿಹೋಗುತ್ತವೆ. ದುಬಾರಿ ಉಪಾಯ. ಆದರೂ ಹದಿನೈದು ವಿಮಾನ ನಿಲ್ದಾಣಗಳಲ್ಲಿ ಅದನ್ನು ಅಳವಡಿಸಿದರು, ಸುಮಾರು 2500 ವಿಮಾನಗಳು ಅದರ ಬೆಳಕಿನಲ್ಲಿ ಇಳಿದವು. ಭೌತಶಾಸ್ತ್ರದ ದೃಷ್ಟಿಯಿಂದ ಇಲ್ಲೊಂದು ತೊಡಕಿತ್ತು. ಬೆಂಕಿಯ ಮೇಲೆ ಗಾಳಿ ಏರಿದಷ್ಟೂ ಅಕ್ಕಪಕ್ಕದ ಗಾಳಿ ಬೆಂಕಿಯತ್ತ ನುಗ್ಗುತ್ತದೆ. ಆ ಗಾಳಿಯಲ್ಲಿ ಮಂಜಿದೆ. ಓಡಿಸಬೇಕೆಂದಿದ್ದ ಮಂಜನ್ನೇ ಬೆಂಕಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎಷ್ಟು ಎಳೆದುಕೊಳ್ಳುತ್ತದೆ ಎಂಬುದೇ ಪ್ರಶ್ನೆ.

ಅದೇ ಪ್ರಶ್ನೆ ಇನ್ನೂ ಭಯಂಕರ ರೂಪದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಎದುರಾಯಿತು. ಅಲ್ಲಿ ಅಣುಬಾಂಬ್ ತಯಾರಾಗುತ್ತಿತ್ತು, ಟೇಲರ್ ಅಲ್ಲಿಗೆ ಸಲಹೆಗಾರರಾಗಿ ಹೋಗಿದ್ದರು. ಬಾಂಬ್ ಸಿಡಿದ ಮೇಲೆ ಉಳಿಯುವ ಬಿಸಿ ಅನಿಲದ ಗುಡ್ಡೆ ಎಷ್ಟು ವೇಗದಲ್ಲಿ, ಎಷ್ಟು ಎತ್ತರಕ್ಕೆ ಏರುತ್ತದೆ? 1945ರಲ್ಲಿ ಅವರು ಈ ಬಗ್ಗೆ ಒಂದು ಚಿಕ್ಕ ವರದಿ ಬರೆದರು. ಜುಲೈ 16ರಂದು ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಮೊದಲ ಅಣುಸ್ಫೋಟ ನಡೆದಾಗ ನೋಡಿದವರಲ್ಲಿ ಅವರೂ ಒಬ್ಬರು. ಇತ್ತ ಜೆಲ್ಡೋವಿಚ್ ಮುಂದೆ ಸೋವಿಯತ್ ಬಾಂಬಿನ ಪ್ರಮುಖ ಸಿದ್ಧಾಂತಿಗಳಲ್ಲಿ ಒಬ್ಬನಾದ. ಹೊಗೆ ಹೇಗೆ ಏರುತ್ತದೆ ಎಂದು ಮೊದಲು ಲೆಕ್ಕ ಹಾಕಿದ ಇಬ್ಬರೂ ಎರಡು ಕಡೆಯ ಬಾಂಬುಗಳ ಹತ್ತಿರ ಸೇರಿದ್ದು ಕಾಕತಾಳೀಯ ಎಂದು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೆಂಕಿಯನ್ನು ಬಲ್ಲವರನ್ನು ಆ ಕಾಲ ಎಲ್ಲಿಗೆ ಕರೆಯುತ್ತಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ.

ಆ ವರದಿಯಲ್ಲಿದ್ದ ಟೇಲರ್ ಅವರ ಊಹೆ ಕೇಳಿದರೆ ಇಷ್ಟೇನಾ ಎನಿಸುತ್ತದೆ. ಏರುವ ಹೊಗೆ ತನ್ನ ಅಂಚಿನ ಸುಳಿಗಳ ಮೂಲಕ ಹೊರಗಿನ ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಇದನ್ನು ಒಳಸೆಳೆತ ಎನ್ನೋಣ. ಹಾಗೆ ಒಳಬರುವ ಗಾಳಿಯ ವೇಗ, ಆ ಎತ್ತರದಲ್ಲಿ ಹೊಗೆ ಏರುತ್ತಿರುವ ವೇಗದ ಒಂದು ನಿಶ್ಚಿತ ಪಾಲು. ಅಷ್ಟೇ. ಆ ಪಾಲಿಗೆ ಆಲ್ಫಾ ಎಂದು ಹೆಸರು. ಬೆಲೆ ಸುಮಾರು 0.1, ಅಂದರೆ ಹತ್ತರಲ್ಲೊಂದು. ತೇರು ಮುಂದೆ ಸಾಗಿದಂತೆ ಓಣಿ ಓಣಿಯಿಂದ ಜನ ಬಂದು ಸೇರಿಕೊಳ್ಳುವ ಹಾಗೆ. ತೇರಿನ ವೇಗ ಗೊತ್ತಿದ್ದರೆ ಎಷ್ಟು ಜನ ಬಂದರು ಎಂದು ಹೇಳಬಹುದು, ಒಬ್ಬೊಬ್ಬರ ಹೆಸರು ಬೇಕಿಲ್ಲ. ಯಾಕೆ ಹತ್ತರಲ್ಲೊಂದು ಎಂಬುದಕ್ಕೆ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ. ಪ್ರಯೋಗ ಮಾಡಿ ಅಳೆಯಬೇಕಿತ್ತು.

1956ರಲ್ಲಿ ಟೇಲರ್ ತಮ್ಮ ಇಬ್ಬರು ಕಿರಿಯರೊಡನೆ, ನ್ಯೂಜಿಲೆಂಡಿನ ಬ್ರೂಸ್ ಮಾರ್ಟನ್ ಮತ್ತು ಆಸ್ಟ್ರೇಲಿಯದ ಸ್ಟೂವರ್ಟ್ ಟರ್ನರ್ ಜೊತೆ, ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದ ಬುನಾದಿಯಾಯಿತು. ಅವರು ಒಂದು ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿದರು: ತಳದಲ್ಲಿ ಉಪ್ಪು ಹೆಚ್ಚು, ಮೇಲೆ ಹೋದಂತೆ ಕಡಿಮೆ. ಹಾಗಾಗಿ ಕೆಳಗಿನ ನೀರು ಭಾರ, ಮೇಲಿನದ್ದು ಹಗುರ. ಅದರ ತಳದಿಂದ ಬಣ್ಣ ಹಾಕಿದ ಹಗುರ ದ್ರವವನ್ನು ಬಿಟ್ಟರು. ಅದು ಏರಿತು, ಅಗಲವಾಯಿತು, ಒಂದು ಎತ್ತರದಲ್ಲಿ ನಿಂತು ಅಡ್ಡಕ್ಕೆ ಹರಡಿತು. ನಮ್ಮ ಮನೆಯ ಹೊಗೆಯ ಹಾಗೆಯೇ.

ಈಗ ಅಲ್ಲಿ ನಿಲ್ಲುವುದೇಕೆ ಎಂದು ಹೇಳಬಹುದು. ನೆಂಟರು ಹೆಚ್ಚಿದಂತೆ ಮಜ್ಜಿಗೆಗೆ ನೀರು ಸೇರಿಸುತ್ತಾ ಹೋದರೆ ಮಜ್ಜಿಗೆ ಹೆಚ್ಚುತ್ತದೆ, ರುಚಿ ತೆಳುವಾಗುತ್ತದೆ. ಹೊಗೆಯೂ ಹಾಗೆ. ಏರಿದಷ್ಟೂ ಹೊರಗಿನ ಗಾಳಿ ಬೆರೆತು ಅದರ ಶಾಖ ಹಂಚಿಹೋಗುತ್ತದೆ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿ ತಣ್ಣಗೆ ಭಾರವಾಗಿ ಕೆಳಗೆ ಕೂತಿರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗೆ. ಹೊಗೆ ಹೊರಡುವಾಗಲೇ ಈ ಕೆಳಗಿನ ಭಾರದ ಗಾಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೇರುತ್ತದೆ. ಒಂದು ಎತ್ತರದಲ್ಲಿ ಹೊಗೆಯ ತೂಕವೂ ಸುತ್ತಲಿನ ಗಾಳಿಯ ತೂಕವೂ ಸಮವಾಗುತ್ತದೆ. ವೇಗವಿದ್ದುದರಿಂದ ಇನ್ನೂ ಸ್ವಲ್ಪ ಮುಂದೆ ಹೋಗಿ, ಹಿಂದಕ್ಕೆ ಕುಸಿದು ಅಲ್ಲೇ ಹರಡುತ್ತದೆ. ಅದನ್ನು ತಡೆದದ್ದು ಮೇಲಿದ್ದ ಯಾವ ಹಲಗೆಯೂ ಅಲ್ಲ. ಕೆಳಗಿನಿಂದ ಅದೇ ಹೊತ್ತು ತಂದ ತಣ್ಣನೆಯ ಗಾಳಿ.

ಈ ಲೆಕ್ಕದಿಂದ ಹೊರಬಂದ ಒಂದು ನಿಯಮ ನನಗೆ ತುಂಬ ಇಷ್ಟ. ಗಾಳಿ ಬೀಸದ ವಾತಾವರಣದಲ್ಲಿ ಹೊಗೆ ಏರುವ ಎತ್ತರ, ಬೆಂಕಿ ಕೊಡುವ ಶಾಖದ ನಾಲ್ಕನೆಯ ಮೂಲಕ್ಕೆ ಅನುಗುಣವಾಗಿರುತ್ತದೆ. ಎತ್ತರ ಎರಡು ಪಟ್ಟಾಗಬೇಕೆಂದರೆ ಬೆಂಕಿ ಹದಿನಾರು ಪಟ್ಟಾಗಬೇಕು. ಸಾಧಾರಣ ವಾತಾವರಣಕ್ಕೆ ಹೊಂದಿಸಿದ ಸೂತ್ರದ ಪ್ರಕಾರ 1 ಕಿಲೋವ್ಯಾಟ್ ಶಾಖದ ಸಣ್ಣ ಒಲೆಯ ಹೊಗೆ ಸುಮಾರು 46 ಮೀಟರ್ ಏರುತ್ತದೆ. ಅಂಥ ನೂರು ಕೋಟಿ ಒಲೆಗಳನ್ನು ಒಂದೇ ಕಡೆ ಉರಿಸಿದರೆ? ಸುಮಾರು 8.2 ಕಿಲೋಮೀಟರ್. ಬೆಂಕಿ ನೂರು ಕೋಟಿ ಪಟ್ಟಾದರೂ ಎತ್ತರ ಇನ್ನೂರು ಪಟ್ಟು ಕೂಡ ಆಗಲಿಲ್ಲ. ದೊಡ್ಡ ಬೆಂಕಿ ದೊಡ್ಡ ಪ್ರಮಾಣದಲ್ಲೇ ಗಾಳಿಯನ್ನು ಸೆಳೆಯುತ್ತದೆ, ಅಷ್ಟನ್ನೂ ಹೊರಬೇಕು.

ನೂರು ಕೋಟಿ ಒಲೆ ಎಂದರೆ ಅದು ಜ್ವಾಲಾಮುಖಿಯ ಲೆಕ್ಕ. 1978ರಲ್ಲಿ ಲಯನೆಲ್ ವಿಲ್ಸನ್, ಸ್ಟೀಫನ್ ಸ್ಪಾರ್ಕ್ಸ್ ಮತ್ತು ಸಂಗಡಿಗರು ಇದೇ ನಿಯಮವನ್ನು ಜ್ವಾಲಾಮುಖಿಯ ಬೂದಿಕಂಬಕ್ಕೆ ಅನ್ವಯಿಸಿದರು. ಹಾಗೆ ಚರಿತ್ರೆ ತಿರುಗಿ ಪ್ಲಿನಿಯ ಪೈನ್ ಮರದ ಹತ್ತಿರ ಬಂತು. ಆದರೆ ಇಲ್ಲಿ ಒಳಸೆಳೆತ ಬರೀ ಎತ್ತರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಜ್ವಾಲಾಮುಖಿಯ ಬಾಯಿಂದ ಹೊರಡುವ ಬೂದಿ ಮತ್ತು ಅನಿಲದ ಮಿಶ್ರಣ ಗಾಳಿಗಿಂತ ಭಾರವಾದದ್ದು. ಬರೀ ರಭಸದಿಂದ ಅದು ಮೇಲೆ ಚಿಮ್ಮುತ್ತದೆ. ರಭಸ ಮುಗಿಯುವುದರೊಳಗೆ ಸಾಕಷ್ಟು ಗಾಳಿಯನ್ನು ಸೆಳೆದು, ಬಿಸಿ ಮಾಡಿ, ಹಿಗ್ಗಿಸಿಕೊಂಡರೆ ಇಡೀ ಕಂಬ ಹಗುರವಾಗಿ ತಾನೇ ತೇಲುತ್ತಾ ಏರುತ್ತದೆ. ಸೆಳೆದದ್ದು ಸಾಲದಿದ್ದರೆ ಕಂಬ ಕುಸಿದು, ಕಾದ ಬೂದಿ ಬೆಟ್ಟದ ಇಳಿಜಾರಿನಲ್ಲಿ ಪ್ರವಾಹದಂತೆ ನುಗ್ಗುತ್ತದೆ.

ವೆಸುವಿಯಸ್‌ನಲ್ಲಿ ಆದದ್ದು ಎರಡೂ. ಮೊದಲ ದಿನ ಕಂಬ ನಿಂತಿತ್ತು. ಅದರ ಎತ್ತರ 30 ಕಿಲೋಮೀಟರಿಗೂ ಹೆಚ್ಚು ಎಂದು ಅಂದಾಜು. ಪೊಂಪೇ ಊರಿನ ಮೇಲೆ ಹಗುರ ಕಲ್ಲಿನ ಮಳೆ ಸುರಿಯಿತು, ಹಲವರಿಗೆ ಓಡಿಹೋಗಲು ಸಮಯ ಸಿಕ್ಕಿತು. ಆಮೇಲೆ ಕಂಬ ಕುಸಿಯತೊಡಗಿತು. ಹರ್ಕ್ಯುಲೇನಿಯಂ ಊರಿನ ಸಮುದ್ರ ತೀರದ ದೋಣಿಮನೆಗಳಲ್ಲಿ ಬಿಡುಗಡೆಗಾಗಿ ಕಾದು ನಿಂತ ಸುಮಾರು 300 ಜನರ ಅಸ್ಥಿಪಂಜರಗಳು 1980ರ ನಂತರದ ಉತ್ಖನನಗಳಲ್ಲಿ ಸಿಕ್ಕಿವೆ. ಅವರನ್ನು ಕೊಂದದ್ದು ಸಾಕಷ್ಟು ಗಾಳಿ ಸಿಗದ ಹೊಗೆ. ಕೇಂಬ್ರಿಜ್‌ನ ತೊಟ್ಟಿಯಲ್ಲಿ ಅಳೆದ ಆ ಪುಟ್ಟ ಸಂಖ್ಯೆಯ ಹಿಂದೆ ಇಂಥದ್ದೂ ಇದೆ ಎಂದು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಾಲ್ಕನೆಯ ಮೂಲದ ನಿಯಮವನ್ನು ತಿರುಗಿಸಿ ಓದಿದರೆ ಅದರ ಅಪಾಯವೂ ಕಾಣುತ್ತದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಏಯಾಫ್ಯಾಟ್ಲಯೋಕುಲ್ ಎಂಬ ಜ್ವಾಲಾಮುಖಿ ಸಿಡಿದು ಯುರೋಪಿನ ಆಕಾಶ ಸುಮಾರು ಆರು ದಿನ ಬಹುಪಾಲು ಬಂದಾಯಿತು. ಸುಮಾರು ಒಂದು ಲಕ್ಷ ವಿಮಾನ ಸಂಚಾರಗಳು ರದ್ದಾದವು. ಬಾಯಿಂದ ಎಷ್ಟು ಬೂದಿ ಬರುತ್ತಿದೆ ಎಂದು ಹತ್ತಿರ ಹೋಗಿ ಅಳೆಯುವಂತಿಲ್ಲ. ಕಂಬದ ಎತ್ತರ ನೋಡಿ ಹಿಂದಕ್ಕೆ ಲೆಕ್ಕ ಹಾಕಬೇಕು. ಎತ್ತರದಲ್ಲಿ ನೂರಕ್ಕೆ ಇಪ್ಪತ್ತು ತಪ್ಪಾದರೆ ಬೂದಿಯ ಲೆಕ್ಕ ಎರಡು ಪಟ್ಟು ತಪ್ಪುತ್ತದೆ. ಜೊತೆಗೆ ಅಡ್ಡ ಬೀಸುವ ಗಾಳಿ ಕಂಬವನ್ನು ಬಗ್ಗಿಸಿ ಇನ್ನಷ್ಟು ಗಾಳಿ ಬೆರೆಸುತ್ತದೆ. 1956ರ ಲೆಕ್ಕ ನಿಶ್ಚಲ ವಾತಾವರಣದ್ದು. ಯುದ್ಧಕಾಲದ ಒಂದು ಊಹೆಯ ಮೇಲೆ ಲಕ್ಷಾಂತರ ಜನರ ಪ್ರಯಾಣ ನಿಂತಿತ್ತು.

ಇಷ್ಟೆಲ್ಲ ಕಡೆ ದುಡಿದ ಊಹೆ ಮೋಡದ ಮುಂದೆ ತಡವರಿಸಿತು. ಮೋಡವೂ ಏರುವ ಹೊಗೆಯ ಹಾಗೆ ಹೊರಗಿನ ಒಣಗಾಳಿಯನ್ನು ಸೆಳೆದು ತೆಳುವಾಗುತ್ತದೆ ಎಂದು ಹೆನ್ರಿ ಸ್ಟಾಮೆಲ್ 1947ರಲ್ಲೇ ಹೇಳಿದ್ದ. ಆದರೆ ಮಳೆಗಾಲದ ಎತ್ತರದ ಮೋಡವೊಂದನ್ನು ನೋಡಿ. ಹೊಗೆಯಂತೆ ಅದು ಮೇಲೆ ಹೋದಷ್ಟೂ ಅಗಲವಾಗುತ್ತಾ ಹೋಗುವುದಿಲ್ಲ. ಗೋಪುರದಂತೆ ನೆಟ್ಟಗೆ ನಿಲ್ಲುತ್ತದೆ. ಒಳಸೆಳೆತ ಹತ್ತರಲ್ಲೊಂದೇ ಆಗಿದ್ದರೆ ಅದು ಹಾಗೆ ಇರಬಾರದು.

ಈ ಒಗಟಿನ ಬೆನ್ನು ಹತ್ತಿದವರು ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಂಗಡಿಗರಾದ ಜಿ.ಎಸ್. ಭಟ್ ಮುಂತಾದವರು. ನರಸಿಂಹ ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ತಲೆಮಾರಿನವರಲ್ಲಿ ಒಬ್ಬರು. ಹೊಗೆಗೂ ಮೋಡಕ್ಕೂ ಇರುವ ವ್ಯತ್ಯಾಸ ಇದು: ಹೊಗೆಯ ಒಲೆ ಕೆಳಗೆ ಮಾತ್ರ. ಮೋಡದಲ್ಲಿ ಆವಿ ಹನಿಯಾಗುವಾಗ ಶಾಖ ಹೊರಬರುತ್ತದೆ, ಅಂದರೆ ನಡುದಾರಿಯಲ್ಲಿ ಅದಕ್ಕೆ ಇನ್ನೊಂದು ಒಲೆ. ಇದನ್ನು ಪ್ರಯೋಗಾಲಯದಲ್ಲಿ ತೋರಿಸುವುದು ಹೇಗೆ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಮಾಡಿದ ಉಪಾಯ ಸರಳ. ಶುದ್ಧ ನೀರಿನ ತೊಟ್ಟಿಗೆ ಕೆಳಗಿನಿಂದ ಸ್ವಲ್ಪ ಆಮ್ಲ ಬೆರೆಸಿದ ನೀರಿನ ಧಾರೆಯನ್ನು ಬಿಟ್ಟರು. ಆಮ್ಲವಿರುವ ನೀರಿನಲ್ಲಿ ಮಾತ್ರ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಧಾರೆಯ ದಾರಿಯಲ್ಲಿ ತೆಳುತಂತಿಗಳ ಜಾಲರಿ ಇಟ್ಟು ವಿದ್ಯುತ್ ಹಾಯಿಸಿದಾಗ ಧಾರೆ ನಡುಮಧ್ಯದಲ್ಲಿ ಬಿಸಿಯಾಯಿತು, ಸುತ್ತಲಿನ ನೀರು ಹಾಗೇ ಉಳಿಯಿತು.

ಹಾಗೆ ಬಿಸಿಯಾದ ಕೂಡಲೆ ಧಾರೆಯ ಅಗಲವಾಗುವಿಕೆ ನಿಂತುಹೋಯಿತು. ಹೊರಗಿನ ದ್ರವವನ್ನು ಗುಟುಕು ಗುಟುಕಾಗಿ ನುಂಗುತ್ತಿದ್ದ ದೊಡ್ಡ ಸುಳಿಗಳು ಆ ಶಾಖಕ್ಕೆ ಒಡೆದುಹೋಗಿದ್ದವು. ಸುಳಿ ಒಡೆದ ಮೇಲೆ ಒಳಸೆಳೆತವೂ ಕುಗ್ಗಿತು. ಭಟ್ ಮತ್ತು ನರಸಿಂಹ ಅವರ ಪ್ರಬಂಧ 1996ರಲ್ಲಿ ಬಂತು. 2011ರಲ್ಲಿ ನರಸಿಂಹ ಅವರ ತಂಡ, ಶಾಖ ಕೊಡುವ ಕ್ರಮವನ್ನು ಬದಲಿಸುತ್ತಾ ಹೋಗಿ ಬೇರೆ ಬೇರೆ ಮೋಡಗಳ ಆಕಾರವನ್ನೇ ತೊಟ್ಟಿಯಲ್ಲಿ ಮೂಡಿಸಿತು. ಆಲ್ಫಾ ಎಲ್ಲ ಕಡೆ ಒಂದೇ ಸಂಖ್ಯೆಯಲ್ಲ. ಶಾಖ ಎಲ್ಲಿ ಸಿಗುತ್ತದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಇದು ಪಂಡಿತರ ಕೂದಲು ಸೀಳುವ ವಾದವಲ್ಲ. ಹವಾಮಾನದ ಕಂಪ್ಯೂಟರ್ ಮಾದರಿಗಳಲ್ಲಿ ಫಲಿತಾಂಶವನ್ನು ಹೆಚ್ಚು ಅಲುಗಾಡಿಸುವ ಸಂಖ್ಯೆಗಳಲ್ಲಿ ಮೋಡದ ಒಳಸೆಳೆತವೂ ಒಂದು. ನಾಳೆಯ ಮಳೆಯ ಮಾತು ಅದರ ಮೇಲೂ ನಿಂತಿದೆ.

ಟೇಲರ್ 1975ರಲ್ಲಿ ತೀರಿಕೊಂಡರು. ಟರ್ನರ್ 1986ರಲ್ಲಿ, ಆ ಪ್ರಬಂಧ ಬಂದ ಮೂವತ್ತು ವರ್ಷಕ್ಕೆ, ಒಳಸೆಳೆತದ ಊಹೆ ಎಲ್ಲೆಲ್ಲಿ ಕೆಲಸಕ್ಕೆ ಬಂತು ಎಂದು ಸಿಂಹಾವಲೋಕನ ಬರೆದರು. ಇಂದಿಗೂ ಆ ಹತ್ತರಲ್ಲೊಂದನ್ನು ಅಳೆಯುತ್ತೇವೆಯೇ ಹೊರತು, ಚಲನೆಯ ಮೂಲ ಸಮೀಕರಣಗಳಿಂದ ಲೇಖನಿ ಹಿಡಿದು ಹೊರತೆಗೆಯಲು ಆಗಿಲ್ಲ. ವಿಜ್ಞಾನ ಎಂದರೆ ಎಲ್ಲ ತಿಳಿದ ಮೇಲೆ ಲೆಕ್ಕ ಮಾಡುವುದು ಎಂದು ನನ್ನ ವಿದ್ಯಾರ್ಥಿಗಳು ಭಾವಿಸಿದ್ದರು; ಬಹುಶಃ ನಾನೇ ಹಾಗೆ ಕಲಿಸಿದ್ದೆ. ತಿಳಿಯದ ಜಾಗವನ್ನು ಒಂದೇ ಒಂದು ಸಂಖ್ಯೆಯಲ್ಲಿ ಕಟ್ಟಿಟ್ಟು, ಅದರ ಮೇಲೆ 'ಇಲ್ಲಿ ನಮಗೆ ಗೊತ್ತಿಲ್ಲ' ಎಂದು ಬರೆದು ಮುಂದೆ ಹೋಗುವುದೂ ವಿಜ್ಞಾನವೇ. ಹಾಗೆ ಬರೆದಿಟ್ಟಿದ್ದರಿಂದಲೇ ಅದು ಎಲ್ಲಿ ತಪ್ಪುತ್ತದೆ ಎಂದು ಹುಡುಕಲು ಬೆಂಗಳೂರಿನವರಿಗೆ ಸಾಧ್ಯವಾಯಿತು.

ಊರಿನ ಮನೆಯಲ್ಲಿ ಈಗ ಹಂಡೆ ಇಲ್ಲ, ಗೀಸರ್ ಇದೆ. ಹೋದ ಸಲ ಹೋದಾಗ ತೋಟದಾಚೆ ಯಾರೋ ಸೋಗೆಗೆ ಬೆಂಕಿ ಹಾಕಿದ್ದರು. ಹೊಗೆ ಏರಿತು, ನಿಂತಿತು, ಹರಡಿತು. ಅಪ್ಪಯ್ಯ ಇದ್ದಿದ್ದರೆ ನೀವು ಹೇಳಿದ್ದು ಹೆಚ್ಚುಕಡಿಮೆ ಸರಿಯೇ ಎಂದು ಹೇಳುತ್ತಿದ್ದೆ. ಹೊಗೆಗೆ ಚಳಿ ಹಿಡಿಯುತ್ತದೆ, ನಿಜ. ಆ ಚಳಿಯನ್ನು ಅದು ತೋಟದಿಂದಲೇ ಹೊತ್ತುಕೊಂಡು ಹೋಗಿರುತ್ತದೆ ಎಂಬುದೊಂದು ಮಾತ್ರ ಬಿಟ್ಟುಹೋಗಿತ್ತು.